ಆಸ್ಕರ್ ರೊಮೆರೊ: ಬಾನುಲಿಯಲ್ಲಿ ಹೆಸರು ಓದಿದ ಮಹಾಧರ್ಮಾಧ್ಯಕ್ಷರು

ಕಥೋಲಿಕ ಧರ್ಮಸಭೆಯಲ್ಲಿ ಒಂದು ಊರಿನ ಚರ್ಚಿನ ಹೊಣೆ ಅಲ್ಲಿನ ಗುರುಗಳದು; ಅಂಥ ಹತ್ತಾರು ಚರ್ಚುಗಳು ಸೇರಿ ಒಂದು ಧರ್ಮಪ್ರಾಂತ್ಯವಾಗುತ್ತದೆ, ಅದನ್ನು ನಡೆಸುವವರು ಬಿಷಪ್, ಎಂದರೆ ಧರ್ಮಾಧ್ಯಕ್ಷರು; ಸುತ್ತಲಿನ ಧರ್ಮಪ್ರಾಂತ್ಯಗಳ ನಡುವೆ ಹಿರಿದೆಂದು ಮನ್ನಣೆ ಪಡೆದ, ಬಹುಮಟ್ಟಿಗೆ ರಾಜಧಾನಿಯಲ್ಲೋ ದೊಡ್ಡ ನಗರದಲ್ಲೋ ಇರುವ ಪೀಠಕ್ಕೆ ಒಡೆಯರಾದವರನ್ನು ಕರ್ನಾಟಕದ ಕಥೋಲಿಕರು ಮಹಾಧರ್ಮಾಧ್ಯಕ್ಷರೆಂದು ಕರೆಯುತ್ತಾರೆ. ಈ ಪದವಿಯ ಜೊತೆಗೆ ಗೌರವ ಬರುತ್ತದೆ, ದೊಡ್ಡ ನಿವಾಸ ಬರುತ್ತದೆ, ಸರ್ಕಾರಿ ಸಮಾರಂಭಗಳಲ್ಲಿ ಮುಂದಿನ ಸಾಲಿನ ಕುರ್ಚಿಯೂ ಬರುತ್ತದೆ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ದೇಶದ ರಾಜಧಾನಿಯಾದ ಸಾನ್ ಸಾಲ್ವಡೋರಿನಲ್ಲಿ 1977ರ ಫೆಬ್ರವರಿ 22ರಿಂದ 1980ರ ಮಾರ್ಚ್ 24ರವರೆಗೆ ಈ ಪೀಠದಲ್ಲಿದ್ದ ಆಸ್ಕರ್ ಅರ್ನುಲ್ಫೊ ರೊಮೆರೊ ಅವರು ನಿವಾಸವನ್ನು ಬೇಡವೆಂದರು, ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ; ಗೌರವವನ್ನು ಮಾತ್ರ ಪಡೆದರು, ಅದನ್ನೂ ಆಳುವವರಿಂದಲ್ಲ, ಜನರಿಂದ. ಆ ಮೂರು ವರ್ಷಗಳಲ್ಲಿ ಅವರ ಸಮಾಜಸೇವೆಗೆ ಒದಗಿದ ಮುಖ್ಯ ಸಾಧನ ಒಂದು ಸಣ್ಣ ಬಾನುಲಿ ಕೇಂದ್ರ. 

ಎಲ್ ಸಾಲ್ವಡೋರ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಉದ್ಧಾರಕ, ಎಂದರೆ ಕ್ರಿಸ್ತ. ಸುಮಾರು 21,000 ಚದರ ಕಿಲೋಮೀಟರ್ ವಿಸ್ತಾರದ, ಕರ್ನಾಟಕದ ಒಂಬತ್ತರಲ್ಲಿ ಒಂದು ಪಾಲಿನಷ್ಟಿರುವ ಈ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾಫಿ ಬೆಳೆ ಹಬ್ಬಿತು; ಅದಕ್ಕೆ ಬೇಕಾದ ಇಳಿಜಾರು ಭೂಮಿಯನ್ನು ಒದಗಿಸಲು ಆಗಿನ ಸರ್ಕಾರ ಜಮೀನುಗಳ ಮೇಲಿದ್ದ ಊರೊಟ್ಟಿನ ಒಡೆತನವನ್ನು 1881 ಮತ್ತು 1882ರ ಕಾನೂನುಗಳಿಂದ ರದ್ದುಮಾಡಿತು, ತಲೆಮಾರುಗಳಿಂದ ಅಲ್ಲಿ ಮೆಕ್ಕೆಜೋಳ ಬೆಳೆದುಕೊಂಡು ಬಂದ ಮೂಲನಿವಾಸಿಗಳು ಅದೇ ನೆಲದಲ್ಲಿ ಸುಗ್ಗಿಯ ಕೂಲಿಗಳಾದರು. ಸಂಪತ್ತು ಕೆಲವೇ ಮನೆತನಗಳ ಕೈ ಸೇರಿತು. ಅವು ಎಣಿಕೆಯಲ್ಲಿ ಎಷ್ಟೇ ಇದ್ದರೂ ಅಲ್ಲಿನ ಜನ ಅವನ್ನು 'ಹದಿನಾಲ್ಕು ಮನೆತನಗಳು' ಎಂದೇ ಕರೆಯುತ್ತಿದ್ದರು. 1932ರ ಜನವರಿಯಲ್ಲಿ ಕಾಫಿಯ ಬೆಲೆ ಕುಸಿದು ಹಸಿವು ಹೆಚ್ಚಿದ ಹೊತ್ತಿನಲ್ಲಿ ರೈತರು ದಂಗೆಯೆದ್ದಾಗ, ಜನರಲ್ ಮಾರ್ಟಿನೆಸ್ ಅವರ ಸರ್ಕಾರ ಕೆಲವೇ ವಾರಗಳಲ್ಲಿ 10,000ದಿಂದ 30,000 ಜನರನ್ನು ಕೊಂದಿತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಆ ಘಟನೆಗೆ ಆ ದೇಶದಲ್ಲಿ ಉಳಿದ ಹೆಸರು 'ಮಾತಾನ್ಸಾ', ಎಂದರೆ ಕಗ್ಗೊಲೆ. ಅಂದಿನಿಂದ ಸುಮಾರು ಅರ್ಧ ಶತಮಾನ ಸೈನ್ಯವೇ ದೇಶವನ್ನಾಳಿತು. ಚುನಾವಣೆಗಳು ನಡೆದರೂ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತಿತ್ತು, ಹಳ್ಳಿಯ ಕೂಲಿಕಾರರು ಸಂಘ ಕಟ್ಟುವುದು ನಿಷಿದ್ಧವಾಗಿತ್ತು. ಸತ್ತವರ ಲೆಕ್ಕ ಇಡದ, ಅವರ ಹೆಸರು ಎತ್ತದ ಮೌನವೊಂದು ಆ ನಾಡಿನ ಅಭ್ಯಾಸವಾಗಿ ಹೋಯಿತು. ರೊಮೆರೊ ಅವರು ಮುರಿದದ್ದು ಮುಖ್ಯವಾಗಿ ಈ ಮೌನವನ್ನು.

ಅವರು ಹುಟ್ಟಿದ್ದು 1917ರ ಆಗಸ್ಟ್ 15ರಂದು, ಹೊಂಡುರಾಸ್ ಗಡಿಗೆ ಸಮೀಪದ ಸಿಯುದಾದ್ ಬಾರಿಯೋಸ್ ಎಂಬ ಬೆಟ್ಟದೂರಿನಲ್ಲಿ. ತಂದೆ ಸಾಂತೋಸ್ ರೊಮೆರೊ ಆ ಊರಿನ ಅಂಚೆ ಮತ್ತು ತಂತಿ ಕಚೇರಿಯ ನೌಕರ; ಮನೆಯೇ ಕಚೇರಿಯಾಗಿದ್ದುದರಿಂದ ಬಾಲಕ ಆಸ್ಕರ್ ಚಿಕ್ಕಂದಿನಲ್ಲೇ ತಂತಿಯ ಕಟಕಟ ಸದ್ದನ್ನು ಕೇಳುತ್ತ, ಬಂದ ಸಂದೇಶಗಳನ್ನು ಮನೆಮನೆಗೆ ಮುಟ್ಟಿಸುತ್ತ ಬೆಳೆದರು. ಮುಂದೆ ಓದಿಸುವ ಅನುಕೂಲವಿಲ್ಲದೆ ತಂದೆ ಅವರನ್ನು ಬಡಗಿಯೊಬ್ಬರ ಬಳಿ ಕೆಲಸ ಕಲಿಯಲು ಬಿಟ್ಟರು. ಆದರೆ ಹುಡುಗನ ಮನಸ್ಸು ಗುರುವಾಗುವುದರ ಕಡೆಗಿತ್ತು. 13ನೆಯ ವಯಸ್ಸಿನಲ್ಲಿ ಸಾನ್ ಮಿಗೆಲ್ ನಗರದ ಕಿರಿಯ ಗುರುಮಠವನ್ನು, ಎಂದರೆ ಭಾವೀ ಗುರುಗಳಿಗೆ ಶಿಕ್ಷಣ ಕೊಡುವ ವಿದ್ಯಾಲಯವನ್ನು ಸೇರಿ, ಅಲ್ಲಿಂದ ರಾಜಧಾನಿಗೆ, ಬಳಿಕ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಎರಡನೆಯ ಮಹಾಯುದ್ಧದ ನಡುವೆ, 1942ರ ಏಪ್ರಿಲ್ 4ರಂದು ರೋಮಿನಲ್ಲಿಯೇ ಗುರುದೀಕ್ಷೆ ಪಡೆದರು. ಮರುವರ್ಷ ಊರಿಗೆ ಮರಳುವಾಗ, ಶತ್ರುರಾಷ್ಟ್ರವಾಗಿದ್ದ ಇಟಲಿಯಿಂದ ಬಂದವರೆಂಬ ಕಾರಣಕ್ಕೆ ಅವರನ್ನೂ ಜೊತೆಯ ಗುರುವೊಬ್ಬರನ್ನೂ ಕ್ಯೂಬಾದಲ್ಲಿ ಕೆಲಕಾಲ ಬಂಧನ ಶಿಬಿರದಲ್ಲಿ ಇರಿಸಲಾಗಿತ್ತು.

ಮುಂದಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಅವರು ಸಾನ್ ಮಿಗೆಲ್ ಧರ್ಮಪ್ರಾಂತ್ಯದಲ್ಲಿ ಕಳೆದರು. ಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿ ಕಡತಗಳನ್ನು ಒಪ್ಪವಾಗಿ ಇಡುವುದು, ಧರ್ಮಪ್ರಾಂತ್ಯದ ಪತ್ರಿಕೆಯನ್ನು ತಿದ್ದಿ ಹೊರತರುವುದು, ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಕಾಣುವುದು, ಮದ್ಯವ್ಯಸನಿಗಳ ಪರಸ್ಪರ ನೆರವಿನ ಗುಂಪನ್ನು ಕಟ್ಟುವುದು ಇವೆಲ್ಲ ಅವರ ದಿನಚರಿಯಲ್ಲಿ ಸೇರಿದ್ದವು. ಅವರ ಭಾನುವಾರದ ಪ್ರಬೋಧನೆ, ಎಂದರೆ ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯ ನಡುವೆ ಬೈಬಲ್ ವಾಚನಗಳನ್ನು ವಿವರಿಸಿ ಗುರು ಹೇಳುವ ಉಪದೇಶ, ಎಷ್ಟು ಜನಪ್ರಿಯವಾಗಿತ್ತೆಂದರೆ ಆ ನಗರದ ಸ್ಥಳೀಯ ಬಾನುಲಿ ಕೇಂದ್ರಗಳು ಅದನ್ನು ಪ್ರಸಾರ ಮಾಡುತ್ತಿದ್ದವು. ಅದೇ ಹೊತ್ತಿಗೆ ಕಾಫಿ ತೋಟಗಳ ಮಾಲೀಕರ ಮನೆಗಳಲ್ಲಿಯೂ ಅವರಿಗೆ ಸ್ನೇಹದ ಸ್ವಾಗತವಿತ್ತು. ಉಳ್ಳವರಿಂದ ದಾನ ಪಡೆದು ಇಲ್ಲದವರಿಗೆ ಹಂಚುವುದೇ ಧರ್ಮಕಾರ್ಯವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದ ಕಾಲ ಅದು.

ಅಷ್ಟರಲ್ಲಿ ಧರ್ಮಸಭೆಯೇ ಬದಲಾಗತೊಡಗಿತ್ತು. 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆ, ಲೋಕದ ನೋವು ನಲಿವುಗಳಿಂದ ಧರ್ಮಸಭೆ ಬೇರೆಯಾಗಿ ನಿಲ್ಲಲಾಗದೆಂದು ಸಾರಿತು. 1968ರಲ್ಲಿ ಕೊಲಂಬಿಯಾದ ಮೆದೆಯಿನ್ ನಗರದಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು ಬಡತನವನ್ನು ದೇವರ ಇಚ್ಛೆಯೆನ್ನದೆ ಅನ್ಯಾಯದ ಫಲವೆಂದು ಕರೆದರು. ಬಡವರ ಬಿಡುಗಡೆಯ ದೃಷ್ಟಿಯಿಂದ ಬೈಬಲನ್ನು ಓದುವ ವಿಮೋಚನಾ ದೇವಶಾಸ್ತ್ರವೂ, ಹಳ್ಳಿಗರು ಹತ್ತಿಪ್ಪತ್ತು ಮನೆಯವರು ಕೂಡಿ ಶುಭಸಂದೇಶವನ್ನು ಓದಿ ತಮ್ಮ ಪಾಡನ್ನು ಚರ್ಚಿಸುವ ಕಿರು ಕ್ರೈಸ್ತ ಸಮುದಾಯಗಳೂ ಈ ಹಿನ್ನೆಲೆಯಲ್ಲಿ ಬೆಳೆದವು. 1970ರಲ್ಲಿ ರಾಜಧಾನಿಯ ಸಹಾಯಕ ಧರ್ಮಾಧ್ಯಕ್ಷರಾದ ರೊಮೆರೊ ಇವುಗಳನ್ನು ಅನುಮಾನದಿಂದಲೇ ನೋಡಿದರು. ತಾವು ಸಂಪಾದಿಸುತ್ತಿದ್ದ 'ಓರಿಯೆಂತಾಸಿಯೋನ್' ವಾರಪತ್ರಿಕೆಯಲ್ಲಿ ಹೊಸ ವಿಚಾರದ ಗುರುಗಳನ್ನು ಟೀಕಿಸಿದರು. ಆ ದಿನಗಳ ಅವರ ಬರಹ ಇಂದು ಓದುವವರಿಗೆ ಕಠಿಣವೆನಿಸುತ್ತದೆ; ಅದನ್ನು ಮರೆಮಾಚುವುದರಿಂದ ಅವರ ಹಿರಿಮೆ ಹೆಚ್ಚುವುದಿಲ್ಲ.

1974ರಲ್ಲಿ ಸಾಂತಿಯಾಗೊ ದೆ ಮರಿಯಾ ಎಂಬ ಕಾಫಿ ಸೀಮೆಯ ಧರ್ಮಾಧ್ಯಕ್ಷರಾಗಿ ಹೋದಾಗ ಅವರು ಕೂಲಿಕಾರರ ಬದುಕನ್ನು ಹತ್ತಿರದಿಂದ ಕಂಡರು. ಸುಗ್ಗಿಯ ಕಾಲದಲ್ಲಿ ದೂರದೂರುಗಳಿಂದ ಹಣ್ಣು ಕೊಯ್ಯಲು ಬಂದ ಕುಟುಂಬಗಳು ಬೆಟ್ಟದ ಚಳಿಯಲ್ಲಿ ಬೀದಿಬದಿಯಲ್ಲೇ ಮಲಗುವುದನ್ನು ನೋಡಿ, ಧರ್ಮಪ್ರಾಂತ್ಯದ ಕಟ್ಟಡಗಳ ಬಾಗಿಲನ್ನು ಅವರಿಗೆ ರಾತ್ರಿಯ ಹೊತ್ತು ತೆರೆಸಿದರು. ಕಾನೂನಿನಲ್ಲಿ ನಿಗದಿಯಾದ ಕೂಲಿಯೂ ಅವರ ಕೈ ಸೇರುವುದಿಲ್ಲವೆಂಬುದು, ಕೊಡಬೇಕಾದವರಲ್ಲಿ ತಮ್ಮ ಪರಿಚಿತರೂ ಇದ್ದಾರೆಂಬುದು ಅವರಿಗೆ ಅಲ್ಲಿಯೇ ತಿಳಿಯಿತು. 1975ರ ಜೂನ್‌ನಲ್ಲಿ ತ್ರೆಸ್ ಕಾಯೆಸ್ ಎಂಬ ಹಳ್ಳಿಯಲ್ಲಿ ನ್ಯಾಷನಲ್ ಗಾರ್ಡ್ ಪಡೆ ರೈತರನ್ನು ಅವರ ಮನೆಗಳಿಂದಲೇ ಎಳೆದು ಕೊಂದಾಗ ಅವರು ಅಲ್ಲಿಗೆ ಹೋಗಿ ಸತ್ತವರ ಮನೆಯವರನ್ನು ಸಂತೈಸಿದರು, ಅಧ್ಯಕ್ಷರಿಗೆ ಪ್ರತಿಭಟನೆಯ ಪತ್ರವನ್ನೂ ಬರೆದರು. ಆದರೆ ಪತ್ರ ಖಾಸಗಿಯಾಗಿತ್ತು. ಬಹಿರಂಗವಾಗಿ ಅವರು ಏನನ್ನೂ ಹೇಳಲಿಲ್ಲ.

ಹೀಗಾಗಿ 38 ವರ್ಷ ಪೀಠದಲ್ಲಿದ್ದು ಬಡವರ ಪರವಾಗಿದ್ದ ಲೂಯಿಸ್ ಚಾವೆಸ್ ಅವರು ನಿವೃತ್ತರಾದಾಗ, ಅವರ ಸ್ಥಾನಕ್ಕೆ ರೊಮೆರೊ ಅವರ ನೇಮಕವಾದ ಸುದ್ದಿ ಶ್ರೀಮಂತರಿಗೆ ಸಮಾಧಾನ ತಂದಿತು, ಹಳ್ಳಿಗಳಲ್ಲಿ ದುಡಿಯುತ್ತಿದ್ದ ಗುರುಗಳಿಗೆ ನಿರಾಸೆ ತಂದಿತು. ಅಧಿಕಾರ ವಹಿಸಿಕೊಳ್ಳುವ ಎರಡು ದಿನ ಮೊದಲು ಅಧ್ಯಕ್ಷ ಚುನಾವಣೆಯಲ್ಲಿ ಭಾರಿ ಮೋಸ ನಡೆದಿತ್ತು. ಫೆಬ್ರವರಿ 28ರಂದು ಅದನ್ನು ಪ್ರತಿಭಟಿಸಿ ರಾಜಧಾನಿಯ ಚೌಕದಲ್ಲಿ ಸೇರಿದ್ದ ಜನರ ಮೇಲೆ ಪಡೆಗಳು ಗುಂಡು ಹಾರಿಸಿದವು. ಮಾರ್ಚ್ 12ರ ಸಂಜೆ ಕಬ್ಬಿನ ಸೀಮೆಯಾದ ಅಗಿಲಾರೆಸ್‌ನ ಗುರುಗಳೂ ರೊಮೆರೊ ಅವರ ಗೆಳೆಯರೂ ಆಗಿದ್ದ ಯೇಸುಸಭೆ ಎಂಬ ಕಥೋಲಿಕ ಗುರುಸಂಘದ ರುತಿಲಿಯೊ ಗ್ರಾಂದೆ ಅವರನ್ನು, ಎಲ್ ಪೈಸ್ನಾಲ್ ಎಂಬ ತಮ್ಮ ಹುಟ್ಟೂರಿಗೆ ಬಲಿಪೂಜೆಗೆಂದು ಕಾರಿನಲ್ಲಿ ಹೋಗುತ್ತಿದ್ದಾಗ, ಜೊತೆಗಿದ್ದ ಒಬ್ಬ ವೃದ್ಧ ಹಾಗೂ ಒಬ್ಬ ಹುಡುಗನ ಸಮೇತ ಗುಂಡಿಟ್ಟು ಕೊಲ್ಲಲಾಯಿತು. ಏಳು ವರ್ಷಗಳ ಹಿಂದೆ ರೊಮೆರೊ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾದ ದಿನ ಸಮಾರಂಭದ ವ್ಯವಸ್ಥೆಯನ್ನು ನೋಡಿಕೊಂಡವರು ಇದೇ ಗ್ರಾಂದೆ. ಅಂದು ರಾತ್ರಿ ಮಹಾಧರ್ಮಾಧ್ಯಕ್ಷರು ಅಗಿಲಾರೆಸ್‌ಗೆ ಬಂದು, ಚರ್ಚಿನಲ್ಲಿ ಸಾಲಾಗಿ ಮಲಗಿಸಿದ್ದ ಮೂರು ಶವಗಳ ಮುಂದೆ ನಿಂತು, ಸುತ್ತಲಿನ ಕಬ್ಬಿನ ಕೂಲಿಗಳ ಮಾತನ್ನು ಗಂಟೆಗಟ್ಟಲೆ ಕೇಳಿಸಿಕೊಂಡರು.

ಆ ಬಳಿಕ ಅವರು ಇಟ್ಟ ಹೆಜ್ಜೆಗಳು ದೇಶವನ್ನೇ ಬೆರಗುಗೊಳಿಸಿದವು. ಕೊಲೆಯ ತನಿಖೆ ನಡೆಯುವವರೆಗೆ ಸರ್ಕಾರದ ಯಾವ ಸಮಾರಂಭಕ್ಕೂ ಬರುವುದಿಲ್ಲವೆಂದು ಅಧ್ಯಕ್ಷರಿಗೆ ತಿಳಿಸಿದರು. ಕಥೋಲಿಕ ಶಾಲೆಗಳನ್ನು ಮೂರು ದಿನ ಮುಚ್ಚಿಸಿದರು. ಗುರುಗಳೊಡನೆ ದೀರ್ಘ ಚರ್ಚೆ ನಡೆಸಿ, ಮಾರ್ಚ್ 20ರ ಭಾನುವಾರ ಇಡೀ ಮಹಾಧರ್ಮಪ್ರಾಂತ್ಯದಲ್ಲಿ ಒಂದೇ ಒಂದು ಬಲಿಪೂಜೆ, ಅದೂ ರಾಜಧಾನಿಯ ಪ್ರಧಾನಾಲಯದ ಮುಂದೆ, ನಡೆಯತಕ್ಕದ್ದೆಂದು ಆದೇಶಿಸಿದರು. ಕಥೋಲಿಕರಿಗೆ ಭಾನುವಾರದ ಬಲಿಪೂಜೆ ತಪ್ಪಿಸಲಾಗದ ಕರ್ತವ್ಯ; ಅದಕ್ಕಾಗಿಯೇ ಪೋಪರ ರಾಯಭಾರಿ ಈ ನಿರ್ಧಾರವನ್ನು ಬಲವಾಗಿ ವಿರೋಧಿಸಿದರು. ಸುಮಾರು ಒಂದು ಲಕ್ಷ ಜನ ಬಂದರು, ಬಾನುಲಿಯ ಮೂಲಕ ಅದೆಷ್ಟೋ ಜನ ಕೇಳಿದರು. ಪೀಠಕ್ಕೆ ಬಂದು ನಾಲ್ಕು ವಾರವೂ ತುಂಬದಿದ್ದ, ಸಂಕೋಚ ಸ್ವಭಾವದ, ಆರೋಗ್ಯವೂ ಅಷ್ಟಕ್ಕಷ್ಟೇ ಆಗಿದ್ದ 59 ವರ್ಷದ ವ್ಯಕ್ತಿಯ ಹಿಂದೆ ಅಂದು ಗುರುಗಳೆಲ್ಲ ಒಟ್ಟಾಗಿ ನಿಂತರು.

ಇದನ್ನು ಬಹುಮಂದಿ ಜೀವನಚರಿತ್ರೆಕಾರರು 'ಪರಿವರ್ತನೆ' ಎಂದು ಬಣ್ಣಿಸುತ್ತಾರೆ. ಆ ಮಾತಿನಲ್ಲಿ ಸತ್ಯವಿದೆಯಾದರೂ ಅದು ಪೂರ್ತಿ ಸತ್ಯವಲ್ಲ. ತಂತಿ ಕಚೇರಿಯ ಮನೆಯಲ್ಲಿ ಬೆಳೆದು ಸಂದೇಶವನ್ನು ಒಂದಕ್ಷರ ತಪ್ಪದಂತೆ ಮುಟ್ಟಿಸುವುದನ್ನು ಕಲಿತ, ಕಾರ್ಯದರ್ಶಿಯಾಗಿ ಕಾಗದಪತ್ರ ಜೋಡಿಸಿಟ್ಟ, ಸಂಪಾದಕನಾಗಿ ಪ್ರತಿ ವಾಕ್ಯ ತಿದ್ದಿದ, ಮೈಕಿನ ಮುಂದೆ ಮಾತಾಡುವುದನ್ನು ರೂಢಿಸಿಕೊಂಡ ಮನುಷ್ಯ 1977ರಲ್ಲಿ ಬೇರೊಬ್ಬನಾಗಲಿಲ್ಲ. ಮೂವತ್ತು ವರ್ಷಗಳಿಂದ ಪಳಗಿಸಿಕೊಂಡಿದ್ದ ಅದೇ ಅಭ್ಯಾಸಗಳು ಈಗ ಯಾರ ಕೆಲಸಕ್ಕೆ ಒದಗಬೇಕೆಂಬುದು ಬದಲಾಯಿತು. ಅವರ ಸೇವೆಯ ವಿಶಿಷ್ಟತೆ ಇರುವುದು ಇಲ್ಲಿಯೇ: ಆವೇಶದ ಮಾತುಗಾರರು ಆ ಕಾಲದಲ್ಲಿ ಬೇಕಾದಷ್ಟಿದ್ದರು, ದಿನಾಂಕ, ಸ್ಥಳ, ಹೆಸರುಗಳನ್ನು ಪರಿಶೀಲಿಸಿ ಹೇಳುವವರು ಇರಲಿಲ್ಲ.

ವಾಸಕ್ಕೆಂದು ಅವರು ಆರಿಸಿಕೊಂಡದ್ದು ಧಾರ್ಮಿಕ ಸಹೋದರಿಯರು ನಡೆಸುತ್ತಿದ್ದ, ಬಡ ಕ್ಯಾನ್ಸರ್ ರೋಗಿಗಳ 'ದಿವಿನಾ ಪ್ರೊವಿದೆನ್ಸಿಯಾ' ಆಸ್ಪತ್ರೆಯನ್ನು. ಮೊದಲು ಅಲ್ಲಿನ ಪ್ರಾರ್ಥನಾಲಯದ ಬಲಿಪೀಠದ ಹಿಂಬದಿಯ ಕೋಣೆಯಲ್ಲಿ ಮಲಗುತ್ತಿದ್ದರು; 60ನೆಯ ಹುಟ್ಟುಹಬ್ಬಕ್ಕೆ ಸಹೋದರಿಯರು ಆವರಣದಲ್ಲೇ ಒಂದು ಸಣ್ಣ ಮನೆ ಕಟ್ಟಿಸಿಕೊಟ್ಟರು. ಸಾಯುತ್ತಿರುವವರ ಮಂಚದ ಬಳಿ ಕೂರುವುದು ಅವರ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು.

ಮಹಾಧರ್ಮಪ್ರಾಂತ್ಯದ ಕಚೇರಿಗಳು ಗುರುಮಠದ ಕಟ್ಟಡದಲ್ಲಿದ್ದವು. ಅಲ್ಲಿನ ಅಂಗಳದಲ್ಲಿ ಪ್ರತಿದಿನ, ಮಗನನ್ನು ಹಿಡಿದೊಯ್ದರು, ಗಂಡ ಮನೆಗೆ ಬರಲಿಲ್ಲ ಎಂದು ಹೇಳಿಕೊಂಡು ಬರುವ ಹಳ್ಳಿಗರ ಸಾಲು ಬೆಳೆಯತೊಡಗಿತು. ಯೇಸುಸಭೆಯ ಸೆಗುಂದೊ ಮೊಂತೆಸ್ ಅವರ ಪ್ರೇರಣೆಯಿಂದ 1975ರಲ್ಲಿ ಆರಂಭವಾಗಿದ್ದ 'ಸೊಕೊರ್ರೊ ಹುರಿದಿಕೊ', ಎಂದರೆ ಕಾನೂನು ನೆರವಿನ ಕಚೇರಿಯನ್ನು ರೊಮೆರೊ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಕೆಲವು ತರುಣ ವಕೀಲರೂ ಕಾನೂನು ವಿದ್ಯಾರ್ಥಿಗಳೂ ಅಲ್ಲಿ ಕುಳಿತು ಪ್ರತಿಯೊಬ್ಬರ ಹೇಳಿಕೆಯನ್ನು ಬರೆದುಕೊಂಡು, ಬಂಧಿತರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂದು ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಸಲ್ಲಿಸಿದರು. ಅರ್ಜಿಗಳು ಬಹುಪಾಲು ನಿಷ್ಫಲವಾದವು, ಆದರೆ ದಾಖಲೆ ಉಳಿಯಿತು. 1977ರ ಕ್ರಿಸ್ಮಸ್ ಹೊತ್ತಿಗೆ ಅವರ ಬೆಂಬಲದಿಂದ ಕಾಣೆಯಾದವರ ತಾಯಂದಿರು ತಮ್ಮದೇ ಸಮಿತಿಯೊಂದನ್ನು ಕಟ್ಟಿಕೊಂಡರು. ಸೈನ್ಯದ ಕಾಟದಿಂದ ಹಳ್ಳಿ ತೊರೆದು ಬಂದ ಕುಟುಂಬಗಳಿಗೆ 1980ರ ಆರಂಭದಲ್ಲಿ ಗುರುಮಠದ ಆವರಣವೇ ಆಸರೆಯಾಯಿತು.

ಈ ಕಚೇರಿಯ ವಾರದ ವರದಿ ಭಾನುವಾರದ ಪ್ರಬೋಧನೆಗೆ ಮೂಲವಸ್ತುವಾಯಿತು. ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ಬಾನುಲಿ ಕೇಂದ್ರದ ಸಂಕೇತ ಹೆಸರು ವೈ.ಎಸ್.ಎ.ಎಕ್ಸ್. ಪತ್ರಿಕೆಗಳು ಮಾಲೀಕರ ಹಿಡಿತದಲ್ಲಿದ್ದು, ದೂರದರ್ಶನ ಸರ್ಕಾರದ ಮಾತನ್ನಷ್ಟೇ ಹೇಳುತ್ತಿದ್ದು, ಹಳ್ಳಿಗರಲ್ಲಿ ದೊಡ್ಡ ಪಾಲು ಓದುಬರಹ ಅರಿಯದವರಾಗಿದ್ದ ಆ ದೇಶದಲ್ಲಿ ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್ ರೇಡಿಯೊ ಮಾತ್ರ ಗುಡಿಸಲನ್ನೂ ಮುಟ್ಟುತ್ತಿತ್ತು. ಶನಿವಾರ ತಮ್ಮ ಸಲಹೆಗಾರರೊಡನೆ ವಾರದ ಘಟನೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಆಮೇಲೆ ಒಬ್ಬರೇ ಬೈಬಲ್ ವ್ಯಾಖ್ಯಾನಗಳ ನಡುವೆ ಕುಳಿತು ನಡುರಾತ್ರಿ ಕಳೆಯುವವರೆಗೆ ಪ್ರಬೋಧನೆಯ ಸಿದ್ಧತೆ ಮಾಡುತ್ತಿದ್ದ ಅವರು, ಭಾನುವಾರ ಬೆಳಿಗ್ಗೆ ಎಂಟು ಗಂಟೆಯ ಬಲಿಪೂಜೆಯಲ್ಲಿ ಒಂದು ಗಂಟೆಯನ್ನು ಮೀರಿ, ಕೆಲವೊಮ್ಮೆ ಒಂದೂವರೆ ಗಂಟೆಯನ್ನೂ ಮೀರಿ ಮಾತನಾಡುತ್ತಿದ್ದರು. ಮೊದಲು ಆ ದಿನದ ವಾಚನಗಳ ವಿವರಣೆ. ಅದು ಗಟ್ಟಿಯಾದ ದೇವಶಾಸ್ತ್ರ, ಆದರೆ ಹಳ್ಳಿಯ ಅಜ್ಜಿಗೂ ಅರ್ಥವಾಗುವ ಮಾತಿನಲ್ಲಿ. ಅನಂತರ ಧರ್ಮಪ್ರಾಂತ್ಯದ ಸಮಾಚಾರ: ಯಾವ ಊರಿನಲ್ಲಿ ಚರ್ಚಿನ ಹಬ್ಬ, ಯಾರಿಗೆ ಗುರುದೀಕ್ಷೆ, ಯಾವ ಸಹೋದರಿ ಕಾಯಿಲೆ ಮಲಗಿದ್ದಾರೆ. ಕೊನೆಗೆ 'ವಾರದ ಸಂಗತಿಗಳು' ಎಂಬ ಭಾಗ. ಅದರಲ್ಲಿ ಆ ವಾರ ಕೊಲೆಯಾದವರ, ಬಂಧಿತರಾದವರ, ಕಾಣೆಯಾದವರ ಹೆಸರು, ಊರು, ತಾರೀಖುಗಳನ್ನು ಅವರು ಒಂದೊಂದಾಗಿ ಓದುತ್ತಿದ್ದರು.

ಈ ಓದಿನ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ. ಎಲ್ಲಿಯೋ ಕಂದರದಲ್ಲಿ ಎಸೆದ ಶವ, ಯಾವ ಪೊಲೀಸ್ ಠಾಣೆಯೂ ಒಪ್ಪಿಕೊಳ್ಳದ ಬಂಧನ, ಭಯದಿಂದ ನೆರೆಯವರೂ ಆಡದ ಮಾತು, ಇವು ದೇಶದ ಮುಖ್ಯ ದೇಗುಲದ ಬಲಿಪೀಠದ ಬಳಿಯಿಂದ, ದೇವರ ವಾಕ್ಯದ ಬೆನ್ನಿಗೇ, ಗಟ್ಟಿಯಾಗಿ ಕೇಳಿಬಂದಾಗ ಮಗನನ್ನು ಕಳೆದುಕೊಂಡ ತಾಯಿಗೆ ತನ್ನ ಮಗ ಲೆಕ್ಕಕ್ಕೆ ಬಂದನೆಂಬ ಅರಿವಾಗುತ್ತಿತ್ತು. ಕೊಂದವರು ಸರ್ಕಾರದ ವಿರುದ್ಧ ಶಸ್ತ್ರ ಹಿಡಿದ ಗೆರಿಲ್ಲಾಗಳಾಗಿದ್ದು ಸತ್ತವನು ಪೊಲೀಸನಾಗಿದ್ದರೂ ಅವರು ಆ ಸಾವನ್ನು ಖಂಡಿಸದೆ ಬಿಡುತ್ತಿರಲಿಲ್ಲ; ಗೆರಿಲ್ಲಾಗಳು ಅಪಹರಿಸಿದ ವಿದೇಶಾಂಗ ಸಚಿವ ಮೌರಿಸಿಯೊ ಬೊರ್ಗೊನೊವೊ ಅವರನ್ನು ಬಿಟ್ಟುಬಿಡಿರೆಂದು ಬೇಡಿಕೊಂಡವರೂ, 1977ರ ಮೇ ತಿಂಗಳಲ್ಲಿ ಅವರ ಕೊಲೆಯಾದಾಗ ಅಂತ್ಯಕ್ರಿಯೆ ನಡೆಸಿಕೊಟ್ಟವರೂ ರೊಮೆರೊ ಅವರೇ. ನಾಡಿನ ಬೀದಿಗಳಲ್ಲಿ ನಡೆದು ಹೋಗುವವರು ಮನೆಮನೆಯ ಕಿಟಕಿಯಿಂದ ಬರುವ ಧ್ವನಿಯಲ್ಲೇ ಪ್ರಬೋಧನೆಯನ್ನು ಬಿಡದೆ ಕೇಳಬಹುದಾಗಿತ್ತೆಂದು ಆ ಕಾಲದವರು ನೆನೆಯುತ್ತಾರೆ. 1978ರ ವಸಂತದಲ್ಲಿ ನ್ಯಾಯಾಂಗದೊಳಗಿನ ಭ್ರಷ್ಟತೆಯ ಬಗ್ಗೆ ಅವರು ಪ್ರಸ್ತಾಪಿಸಿದಾಗ ಸರ್ವೋಚ್ಚ ನ್ಯಾಯಾಲಯ, ಲಂಚಕೋರ ನ್ಯಾಯಾಧೀಶರ ಹೆಸರು ಹೇಳಿರೆಂದು ಬಹಿರಂಗವಾಗಿ ಸವಾಲು ಹಾಕಿತು; ಅವರು ಮುಂದಿನ ಪ್ರಬೋಧನೆಯೊಂದರಲ್ಲಿ, ಸಂವಿಧಾನ ಕೊಟ್ಟ ಯಾವ ಯಾವ ಹಕ್ಕುಗಳು ಹೇಗೆ ಹೇಗೆ ಮುರಿಯುತ್ತಿವೆ ಎಂಬುದನ್ನು ಸಾಲಾಗಿ ತೋರಿಸಿ, ತಪ್ಪಿತಸ್ಥರನ್ನು ಹುಡುಕುವುದು ನ್ಯಾಯಾಲಯದ್ದೇ ಕೆಲಸವೆಂದು ಸೌಮ್ಯವಾಗಿ ನೆನಪಿಸಿದರು.

ತಮ್ಮ ಸ್ವಂತದ ಲೆಕ್ಕಕ್ಕೂ ಅವರು ಧ್ವನಿಯನ್ನೇ ನಂಬಿದ್ದರು. 1978ರ ಮಾರ್ಚ್ 31ರಿಂದ ದಿನದ ಕೊನೆಗೆ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಅಂದಿನ ಭೇಟಿಗಳು, ಸಭೆಗಳು, ಚಿಂತೆಗಳನ್ನು ಹೇಳಿ ದಾಖಲಿಸುವ ರೂಢಿ ಮಾಡಿಕೊಂಡರು. ಆ ಧ್ವನಿ ದಿನಚರಿಯ ಕೊನೆಯ ತಾರೀಖು 1980ರ ಮಾರ್ಚ್ 20.

ಬರಹದ ರೂಪದಲ್ಲಿ ಅವರ ವಿಚಾರಗಳು ನಾಲ್ಕು ಪಾಲನಾ ಪತ್ರಗಳಲ್ಲಿ ಸಿಗುತ್ತವೆ. ಧರ್ಮಾಧ್ಯಕ್ಷರು ತಮ್ಮ ಜನರಿಗೆ ಮಾರ್ಗದರ್ಶನ ನೀಡಲು ಬರೆಯುವ ದೀರ್ಘ ಪತ್ರಕ್ಕೆ ಈ ಹೆಸರಿದೆ. ಮೂರನೆಯದರಲ್ಲಿ ರೈತ ಕೂಲಿಕಾರರಿಗೆ ಸಂಘ ಕಟ್ಟುವ ಹಕ್ಕು ಇದೆಯೆಂದು ಪ್ರತಿಪಾದಿಸಿದರು. ಕಿರು ಸಮುದಾಯಗಳಿಗೆ ಪ್ರಶ್ನಾವಳಿ ಕಳಿಸಿ, ಜನರ ಉತ್ತರಗಳನ್ನು ಪಡೆದು ಬರೆದ 1979ರ ನಾಲ್ಕನೆಯ ಪತ್ರದಲ್ಲಿ ಸಂಪತ್ತು, ರಾಷ್ಟ್ರೀಯ ಭದ್ರತೆ ಮತ್ತು ಸಂಘಟನೆ ಎಂಬ ಮೂರನ್ನೂ ದೇವರ ಜಾಗದಲ್ಲಿ ಕೂರಿಸುವುದು ವಿಗ್ರಹಾರಾಧನೆಯೆಂದು ಎಚ್ಚರಿಸಿದರು. ಮೂರನೆಯ ಎಚ್ಚರಿಕೆ ಎಡಪಂಥದ ಕ್ರಾಂತಿಕಾರಿಗಳಿಗೆ ಹೇಳಿದ್ದು. ಅವರನ್ನು ಕಮ್ಯುನಿಸ್ಟರ ಕೈಗೊಂಬೆಯೆಂದು ಜರೆದವರು ಆ ಪುಟಗಳನ್ನು ಓದಿದಂತಿಲ್ಲ. ದೇಶದ ಧರ್ಮಾಧ್ಯಕ್ಷರ ಪೈಕಿ ಅವರ ಜೊತೆ ದೃಢವಾಗಿ ನಿಂತವರು ಅರ್ತೂರೊ ರಿವೆರಾ ಇ ದಾಮಾಸ್ ಒಬ್ಬರೇ. ಉಳಿದವರು ರೋಮಿಗೆ ದೂರು ಕೊಟ್ಟರು. ಪೋಪ್ ಆರನೆಯ ಪೌಲರು ಧೈರ್ಯ ತುಂಬಿದರು, 1979ರ ಮೇ ತಿಂಗಳಲ್ಲಿ ಎರಡನೆಯ ಜಾನ್ ಪೌಲರನ್ನು ಕಂಡು ಬಂದಾಗ ಮಾತ್ರ ತಮ್ಮನ್ನು ಅರ್ಥಮಾಡಿಕೊಳ್ಳಲಿಲ್ಲವೆಂಬ ನೋವು ರೊಮೆರೊ ಅವರಿಗೆ ಉಳಿಯಿತು. ಒಳಮನೆಯ ಈ ಒಂಟಿತನ ಹೊರಗಿನ ಬೆದರಿಕೆಗಿಂತ ಹೆಚ್ಚು ಬಾಧಿಸಿತೆಂದು ಅವರ ದಿನಚರಿಯಿಂದ ತಿಳಿಯಬಹುದು.

ಅವರ ಮೂರು ವರ್ಷಗಳಲ್ಲಿ ದೇಶದಲ್ಲಿ 6 ಮಂದಿ ಗುರುಗಳ ಕೊಲೆಯಾಯಿತು. 1979ರ ಜನವರಿಯಲ್ಲಿ ನಾಲ್ವರು ತರುಣರೊಡನೆ ಹತರಾದ ಒಕ್ತಾವಿಯೊ ಒರ್ತಿಸ್, ರೊಮೆರೊ ಅವರು ಸ್ವತಃ ದೀಕ್ಷೆ ಕೊಟ್ಟ ಮೊದಲ ಗುರು. ಅದೇ ವರ್ಷದ ಅಕ್ಟೋಬರಿನಲ್ಲಿ ಸೈನ್ಯದ ಕಿರಿಯ ಅಧಿಕಾರಿಗಳು ಅಧ್ಯಕ್ಷರನ್ನು ಇಳಿಸಿ, ಸೈನಿಕರೂ ನಾಗರಿಕರೂ ಸೇರಿದ ಆಡಳಿತ ಮಂಡಳಿ ರಚಿಸಿದಾಗ ಅವರು ಎಚ್ಚರಿಕೆಯಿಂದಲೇ ಭರವಸೆ ಇಟ್ಟರು. ಕೊಲೆಗಳು ನಿಲ್ಲದೆ ಹೆಚ್ಚಿದಾಗ ಆ ಭರವಸೆಯೂ ಹೋಯಿತು. 1980ರ ಫೆಬ್ರವರಿ 17ರಂದು, ಸೈನ್ಯಕ್ಕೆ ನೆರವು ಕಳಿಸಬೇಡಿರೆಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಬರೆದ ಪತ್ರವನ್ನು ಪ್ರಬೋಧನೆಯಲ್ಲಿ ಜನರಿಗೇ ಮೊದಲು ಓದಿ ತೋರಿಸಿ, ಕಳಿಸಲೇ ಎಂದು ಅವರ ಒಪ್ಪಿಗೆಯನ್ನು ಚಪ್ಪಾಳೆಯಲ್ಲಿ ಪಡೆದರು. ಮರುದಿನ ವೈ.ಎಸ್.ಎ.ಎಕ್ಸ್. ಕೇಂದ್ರದ ಪ್ರಸಾರ ಯಂತ್ರವನ್ನು ಬಾಂಬಿಟ್ಟು ಒಡೆದು ಹಾಕಲಾಯಿತು. ಮಾರ್ಚ್ ತಿಂಗಳಲ್ಲಿ ಅವರು ಬಲಿಪೂಜೆ ಅರ್ಪಿಸಿದ ದೇವಾಲಯದಲ್ಲಿಯೇ ಸಿಡಿಯದೆ ಉಳಿದ ಡೈನಮೈಟಿನ ಪೆಟ್ಟಿಗೆ ಸಿಕ್ಕಿತು. ತಮ್ಮೊಡನೆ ಬೇರೆಯವರು ಸಾಯಬಾರದೆಂದು ಅವರು ಕಾರನ್ನು ತಾವೇ ಓಡಿಸಿಕೊಂಡು ಓಡಾಡತೊಡಗಿದರು. ಸರ್ಕಾರ ಕೊಡಲು ಬಂದ ಭದ್ರತೆಯನ್ನು ಜನರಿಗಿಲ್ಲದ ರಕ್ಷಣೆ ತಮಗೆ ಬೇಡವೆಂದು ಒಪ್ಪಲಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಐದನೆಯ ಭಾನುವಾರ, ಮಾರ್ಚ್ 23ರಂದು, ದುರಸ್ತಿಯಾದ ಬಾನುಲಿ ಕೇಂದ್ರ ಮತ್ತೆ ಪ್ರಸಾರ ಆರಂಭಿಸಿತು. ಕೋಸ್ಟರಿಕದ ಕಿರುತರಂಗ ಕೇಂದ್ರವೊಂದು ಅದೇ ಪ್ರಬೋಧನೆಯನ್ನು ಗಡಿಯಾಚೆಗೂ ಮುಟ್ಟಿಸಿತು. ಅಂದು ವಾರದ ಸಂಗತಿಗಳನ್ನು ಓದಿ ಮುಗಿಸಿದ ಮೇಲೆ ರೊಮೆರೊ ಸೈನಿಕರನ್ನೇ ನೇರವಾಗಿ ಸಂಬೋಧಿಸಿದರು. ಅವರೂ ಅದೇ ಜನರ ಮಕ್ಕಳೆಂದು, ತಮ್ಮದೇ ರೈತ ಸೋದರರನ್ನು ಕೊಲ್ಲುತ್ತಿದ್ದಾರೆಂದು, ಕೊಲ್ಲಬಾರದೆಂಬ ದೇವರ ಕಟ್ಟಳೆಗೆ ವಿರುದ್ಧವಾದ ಆಜ್ಞೆಯನ್ನು ಪಾಲಿಸಲು ಯಾವ ಸೈನಿಕನೂ ಬದ್ಧನಲ್ಲವೆಂದು ಹೇಳಿ, ದಮನವನ್ನು ನಿಲ್ಲಿಸಬೇಕೆಂದು ಮೊದಲು ಬೇಡಿ, ಆಮೇಲೆ ದೇವರ ಹೆಸರಿನಲ್ಲಿ ಆಜ್ಞಾಪಿಸಿದರು. ಮರುದಿನ, ಸೋಮವಾರ ಸಂಜೆ, ತಾವು ವಾಸವಾಗಿದ್ದ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ತೀರಿಹೋದ ಹಿರಿಯರೊಬ್ಬರ ವರ್ಷಾಚರಣೆಯ ಬಲಿಪೂಜೆ ಅರ್ಪಿಸುತ್ತ, ಚಿಕ್ಕ ಪ್ರಬೋಧನೆಯನ್ನು ಮುಗಿಸಿ ರೊಟ್ಟಿ ದ್ರಾಕ್ಷಾರಸಗಳ ಅರ್ಪಣೆಗೆ ಸಿದ್ಧರಾಗುತ್ತಿದ್ದಾಗ, ಬಾಗಿಲ ಹೊರಗೆ ನಿಂತ ಕಾರಿನಿಂದ ಹಾರಿಬಂದ ಒಂದೇ ಗುಂಡು ಅವರ ಎದೆಯನ್ನು ಹೊಕ್ಕಿತು. ಮಾರ್ಚ್ 30ರಂದು, ಗರಿಗಳ ಭಾನುವಾರ, ಪ್ರಧಾನಾಲಯದ ಚೌಕದಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಬಾಂಬು ಸಿಡಿದು, ಗುಂಡು ಹಾರಿ, ಕಾಲ್ತುಳಿತದಲ್ಲಿ ಹತ್ತಾರು ಜನ ಸತ್ತರು. ಬಲಿಪೂಜೆಯನ್ನು ಅರ್ಧಕ್ಕೆ ನಿಲ್ಲಿಸಿ ಅವರನ್ನು ಒಳಗೆ ಅವಸರದಲ್ಲಿ ಸಮಾಧಿ ಮಾಡಬೇಕಾಯಿತು.

ಆಮೇಲಿನ ಹನ್ನೆರಡು ವರ್ಷಗಳ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರೆಂದು ಅಂದಾಜಿದೆ. ರೊಮೆರೊ ಅವರ ಬಳಿಕ ಪೀಠಕ್ಕೆ ಬಂದ ರಿವೆರಾ ಇ ದಾಮಾಸ್ ಅವರು 1982ರಲ್ಲಿ ಸ್ಥಾಪಿಸಿದ 'ತುತೆಲಾ ಲೆಗಾಲ್' ಎಂಬ ಕಚೇರಿ, ರೊಮೆರೊ ಕಾಲದ ಕಾನೂನು ನೆರವಿನ ಕೆಲಸವನ್ನು ಮುಂದುವರಿಸಿ, ಹಳ್ಳಿಹಳ್ಳಿಯ ಹತ್ಯೆಗಳನ್ನು ಹೆಸರು ಸಮೇತ ದಾಖಲಿಸಿತು. 1992ರ ಶಾಂತಿ ಒಪ್ಪಂದದ ಅನಂತರ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ ಸತ್ಯಶೋಧನಾ ಆಯೋಗ, ಮಾಜಿ ಸೇನಾಧಿಕಾರಿ ರೊಬೆರ್ತೊ ದೊಬ್ವಿಸೊನ್ ಅವರೇ ಮಹಾಧರ್ಮಾಧ್ಯಕ್ಷರ ಕೊಲೆಗೆ ಆಜ್ಞೆ ಕೊಟ್ಟವರೆಂದು 1993ರಲ್ಲಿ ವರದಿ ಮಾಡಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು, ವರದಿಯ ಬೆನ್ನಿಗೇ ಬಂದ ಸಾರ್ವತ್ರಿಕ ಕ್ಷಮಾದಾನದ ಕಾನೂನು ಉಳಿದವರನ್ನು ಕಾಯಿತು. ಆ ಕಾನೂನು ರದ್ದಾದದ್ದು 2016ರಲ್ಲಿ. ಧರ್ಮಸಭೆಯೂ ತಡಮಾಡಿತು: ಶ್ರದ್ಧೆಯ ಕಾರಣಕ್ಕೆ ಪ್ರಾಣ ಕೊಟ್ಟವರೋ ರಾಜಕೀಯಕ್ಕೆ ಬಲಿಯಾದವರೋ ಎಂಬ ಚರ್ಚೆಯಲ್ಲಿ ವರ್ಷಗಳು ಕಳೆದು, ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ, 2015ರ ಮೇ 23ರಂದು ರೊಮೆರೊ ಅವರನ್ನು ಸಂತಪದವಿಯ ಹಿಂದಿನ ಮೆಟ್ಟಿಲಾದ ಧನ್ಯತೆಗೂ, 2018ರ ಅಕ್ಟೋಬರ್ 14ರಂದು ಸಂತಪದವಿಗೂ ಏರಿಸಲಾಯಿತು. ಎಲ್ ಸಾಲ್ವಡೋರಿನ ಬಡವರು ಅದಕ್ಕೆ ಕಾಯದೆ ಮೊದಲೇ ಅವರನ್ನು ಸಂತರೆಂದು ಕರೆಯುತ್ತಿದ್ದರು. ವಿಶ್ವಸಂಸ್ಥೆ 2010ರಲ್ಲಿ ಅವರ ಮರಣದ ದಿನವಾದ ಮಾರ್ಚ್ 24ನ್ನು, ಮಾನವ ಹಕ್ಕುಗಳ ಘೋರ ಉಲ್ಲಂಘನೆಗೆ ತುತ್ತಾದವರ ಬಗ್ಗೆ ಸತ್ಯ ತಿಳಿಯುವ ಹಕ್ಕಿನ ಅಂತರರಾಷ್ಟ್ರೀಯ ದಿನವೆಂದು ಘೋಷಿಸಿತು.

ಸಾನ್ ಸಾಲ್ವಡೋರ್ ನಗರದ ಕುಸ್ಕತ್ಲಾನ್ ಉದ್ಯಾನದಲ್ಲಿ, ಕಾಣೆಯಾದವರ ಮತ್ತು ಕೊಲೆಯಾದವರ ಬಂಧುಗಳೂ ಮಾನವ ಹಕ್ಕುಗಳ ಸಂಘಟನೆಗಳೂ ವರ್ಷಗಟ್ಟಲೆ ಶ್ರಮಿಸಿದ್ದರ ಫಲವಾಗಿ, 2003ರಲ್ಲಿ ಕಪ್ಪು ಕಲ್ಲಿನ ಉದ್ದನೆಯ ಗೋಡೆಯೊಂದು ಎದ್ದು ನಿಂತಿತು. ಅದರ ಮೇಲೆ 25,000ಕ್ಕೂ ಹೆಚ್ಚು ಹೆಸರುಗಳನ್ನು ವರ್ಷಗಳ ಪ್ರಕಾರ ಜೋಡಿಸಿ ಕೆತ್ತಿದ್ದಾರೆ. ಸಮಾಧಿಯೇ ಇಲ್ಲದವರ ಮನೆಯವರು ಅಲ್ಲಿಗೆ ಬಂದು, ಸಾಲುಗಳ ಮೇಲೆ ಬೆರಳಿಟ್ಟು ಹುಡುಕಿ, ಸಿಕ್ಕಿದ ಹೆಸರಿನ ಕೆಳಗೆ ಹೂವಿಡುತ್ತಾರೆ. 1980ರಲ್ಲಿ ಸತ್ತವರ ಹೆಸರುಗಳ ನಡುವೆ, ಅದೇ ಗಾತ್ರದ ಅಕ್ಷರಗಳಲ್ಲಿ, ಆಸ್ಕರ್ ಅರ್ನುಲ್ಫೊ ರೊಮೆರೊ ಎಂಬ ಹೆಸರೂ ಇದೆ.